ಮರಿಬಸಪ್ಪನವರ ಇಲ್ಲದ ಸಕ್ಕರೆ

ಬಳ್ಳಾರಿಯ ಗಾಂಧಿನಗರದಲ್ಲಿದ್ದ ಮರಿಬಸಪ್ಪನವರಿಗೆ ಒಂದು ರೋಗವಿತ್ತು. ಆದರೆ ಆ ರೋಗದಿಂದ ಅವರಿಗೆ ಎಳ್ಳಷ್ಟೂ ಮರ್ಯಾದೆ ಸಿಕ್ಕಿರಲಿಲ್ಲ. ಅದು ಹುಳಿತೇಗು. ಬೆಳಿಗ್ಗೆ ಅವರು ಎದ್ದಿದ್ದಾರೋ ಇಲ್ಲವೋ ಎಂದು ತಿಳಿಯಲು ಯಾರೂ ಅವರ ಮನೆಯ ಬಾಗಿಲು ಬಡಿಯಬೇಕಾಗಿರಲಿಲ್ಲ. ತೇಗು ಓಣಿಯ ಆಚೆ ತುದಿಗೂ ಮುಟ್ಟುತ್ತಿತ್ತು. ದಿನಾ ಸಂಜೆ ಕಚೇರಿ ಬಿಟ್ಟ ಮೇಲೆ ಒಗ್ಗರಣೆ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿ ತಿನ್ನದೆ ಅವರು ಮನೆಗೆ ಬಂದವರಲ್ಲ. ಬಜ್ಜಿಗೂ ಎದೆಯುರಿಗೂ ಸಂಬಂಧವಿದೆ ಎಂದು ಹೆಂಡತಿ ದಾಕ್ಷಾಯಣಮ್ಮ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ತಾವು ಹೆಡ್ ಗುಮಾಸ್ತರಾಗಿದ್ದ ಕಾಲುವೆ ಕಚೇರಿಯ ಮೇಲಧಿಕಾರಿಗಳೇ ತಮ್ಮ ಎದೆಯುರಿಗೆ ಕಾರಣ ಎಂಬುದು ಅವರ ದೃಢವಾದ ಅಭಿಪ್ರಾಯ.

ಸಕ್ಕರೆ ರೋಗದ ಗತ್ತೇ ಬೇರೆ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಬಳ್ಳಾರಿ ಸೀಮೆಯಲ್ಲಿ ಅದು ಕಾರಿದ್ದವರಿಗೆ ಬರುವ ಕಾಯಿಲೆ. ಕಚೇರಿಯ ಇಂಜಿನಿಯರ್ ಸಾಹೇಬರಿಗೆ ಅದಿತ್ತು. ಅವರ ಚಹಾ ಬೇರೆ ಲೋಟದಲ್ಲಿ, ತಟ್ಟೆ ಮುಚ್ಚಿಕೊಂಡು, ಮೆರವಣಿಗೆಯಂತೆ ಬರುತ್ತಿತ್ತು. ಮರಿಬಸಪ್ಪನವರ ಸ್ವಂತ ಅಕ್ಕ, ಸತ್ಯನಾರಾಯಣಪೇಟೆಯ ಗುರುಬಸಮ್ಮನಿಗೂ ಅದಿತ್ತು. ಹತ್ತಿ ವ್ಯಾಪಾರಿಯ ವಿಧವೆ ಆಕೆ. ಕಾಂಪೌಂಡರ್ ಎರ್ರೆಪ್ಪ ದಿನಾ ಬೆಳಿಗ್ಗೆ ಸೈಕಲ್ ಏರಿ ಬಂದು ಆಕೆಗೆ ಇನ್ಸುಲಿನ್ ಚುಚ್ಚಿಹೋಗುತ್ತಿದ್ದ. ಆ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಂದು "ಹೆಂಗದೀರಿ ಅಕ್ಕಾರ?" ಎಂದು ಕೇಳುವುದು ವಾಡಿಕೆ. ಅಲ್ಲಿಗೆ ಹೋದ ಮರಿಬಸಪ್ಪನವರು ತೇಗಿದರೆ ಅದೇ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಹೀಗಿರುವಾಗ ಸಿರುಗುಪ್ಪದಲ್ಲಿ ದಾಕ್ಷಾಯಣಮ್ಮನ ತಮ್ಮ ದೊಡ್ಡಬಸಪ್ಪನ ಮಗಳ ಮದುವೆ ಬಂತು. ದೊಡ್ಡಬಸಪ್ಪ ಅಕ್ಕಿ ಗಿರಣಿಯ ಮಾಲೀಕ, ಅಕ್ಕನ ಗಂಡನನ್ನು ಮಾವ ಎಂದು ಕರೆಯುವವನು. ಗಿರಣಿಯ ಕಣದಲ್ಲೇ ಚಪ್ಪರ ಹಾಕಿಸಿದ್ದ. ಊಟದ ಮೊದಲ ಸಾಲಿನಲ್ಲಿ ಇಂಜಿನಿಯರ್ ಸಾಹೇಬರು, ಕಂಟ್ರಾಕ್ಟರುಗಳು, ಭತ್ತದ ವ್ಯಾಪಾರಿಗಳು ಕೂತಿದ್ದರು. ಒಂದು ಎಲೆ ಖಾಲಿ ಉಳಿದಿತ್ತು. ಮರಿಬಸಪ್ಪನವರು ಯಾರೂ ಕರೆಯುವ ಮೊದಲೇ ಹೋಗಿ ಅದರ ಮುಂದೆ ಕೂತರು.

ಹೋಳಿಗೆ ಬಂತು. ಇಂಜಿನಿಯರ್ ಸಾಹೇಬರು ಎಲೆಯ ಮೇಲೆ ಕೈ ಅಡ್ಡ ಹಿಡಿದು "ಬೇಡಪ್ಪ, ನನಗೆ ಶುಗರ್" ಎಂದರು. ದೊಡ್ಡಬಸಪ್ಪ ಓಡಿಬಂದು ನಡು ಬಗ್ಗಿಸಿ ನಿಂತ. "ಸಾಹೇಬ್ರ, ಅರ್ಧಾರ ತಗೋರಿ. ನನ್ನ ಮಗಳ ಲಗ್ನ ಐತಿ" ಎಂದು ಬೇಡಿಕೊಂಡ. ಪಕ್ಕದ ಕಂಟ್ರಾಕ್ಟರ್ "ನನಗೂ ಶುಗರ್" ಎಂದ. ಅವನಿಗೂ ಅದೇ ಉಪಚಾರ. ಅವನ ಪಕ್ಕದವನಿಗೂ ಅಷ್ಟೇ. ಮರಿಬಸಪ್ಪನವರ ಎಲೆಗೆ ಬಂದಾಗ ಬಡಿಸುವವನು ಅವರ ಮುಖ ಕೂಡ ನೋಡಲಿಲ್ಲ. ಇಸ್ಪೀಟಿನ ಎಲೆ ಒಗೆದ ಹಾಗೆ ಒಂದು ಹೋಳಿಗೆ ಒಗೆದು ಮುಂದೆ ಹೋದ.

"ಲೇ, ನಿಂದ್ರು! ತಗಿ ಇದನ್ನ. ನನಗೂ ಶುಗರ್ ಐತಿ" ಎಂದರು ಮರಿಬಸಪ್ಪನವರು.

ಅವರ ಲೆಕ್ಕಾಚಾರ ಸರಳವಾಗಿತ್ತು. ದೊಡ್ಡಬಸಪ್ಪ ಬಂದು ನಡು ಬಗ್ಗಿಸಬೇಕು. ಅರ್ಧವಾದರೂ ತೆಗೆದುಕೊಳ್ಳಿ ಎನ್ನಬೇಕು. ತಾವು ಒಲ್ಲೆನೆನ್ನಬೇಕು. ಅವನು ಮತ್ತೆ ಬೇಡಬೇಕು. ಕಡೆಗೆ ತಾವು ಬಹಳ ದುಃಖದಿಂದ ಎರಡು ಹೋಳಿಗೆ ತಿನ್ನಬೇಕು.

ದೊಡ್ಡಬಸಪ್ಪ ಬಂದದ್ದೇನೋ ನಿಜ. ಆದರೆ ನಡು ಬಗ್ಗಿಸಲಿಲ್ಲ. ಗಿರಣಿಯ ಸದ್ದನ್ನು ಮೀರಿಸಿ ಕೂಗಿ ಪಳಗಿದ ಗಂಟಲು ಅವನದು.

"ಏನಂದ್ರಿ ಮಾವಾರ? ಲೇ, ನಮ್ಮ ಮಾವಾರಿಗೆ ಸಕ್ಕರಿ ರೋಗ ಬಂದೈತ್ರಲೇ! ಹೋಳಿಗಿ ತಗೀರಿ! ಪಾಯಸ ತಗೀರಿ! ಎಲಿನೇ ಬದಲು ಮಾಡ್ರಿ!"

ವಾಲಗದವರು ಯಾರೋ ತೀರಿಕೊಂಡರೆಂದು ತಿಳಿದು ಊದುವುದನ್ನು ನಿಲ್ಲಿಸಿದರು. ಹೆಂಗಸರ ಸಾಲಿನಿಂದ ಗುರುಬಸಮ್ಮ ಎಂಜಲು ಕೈಯಲ್ಲೇ ಎದ್ದು ಬಂದು, "ಅಯ್ಯೋ ನನ್ನ ತಮ್ಮಾ! ನನ್ನ ರೋಗ ನಿನಗೂ ಗಂಟುಬಿತ್ತೇನೋ!" ಎಂದು ಅವರ ಹೆಗಲ ಮೇಲೆ ಅತ್ತಳು. ಹೊಸ ಎಲೆ ಬಂತು. ಅದರ ಮೇಲೆ ಹಿಡಿ ಅನ್ನ, ಸಪ್ಪೆ ಸಾರು. ಇಂಜಿನಿಯರ್ ಸಾಹೇಬರು ಮಾತ್ರ ಅವರತ್ತ ತಿರುಗಿ ಮೊದಲ ಸಲ ಮುಗುಳ್ನಕ್ಕರು. "ಯಾವಾಗಿನಿಂದ ಮರಿಬಸಪ್ಪ? ಹೇಳಲೇ ಇಲ್ಲವಲ್ಲ ನೀವು?" ಆ ಒಂದು ನಗುವಿಗಾಗಿ ಮರಿಬಸಪ್ಪನವರು ಬಾಯಿ ಮುಚ್ಚಿಕೊಂಡರು.

ಬಳ್ಳಾರಿಗೆ ವಾಪಸಾಗುವ ಬಸ್ಸಿನಲ್ಲಿ ದಾಕ್ಷಾಯಣಮ್ಮ ಅಳುತ್ತಲೇ ಕೂತಿದ್ದಳು. ಮರಿಬಸಪ್ಪನವರು ಆಕೆಯ ಕಿವಿಯಲ್ಲಿ, "ನನಗೇನೂ ಆಗಿಲ್ಲ ಸುಮ್ಕಿರ. ಹಂಗ ಅಂದೆ ಅಷ್ಟೇ" ಎಂದರು.

"ನನಗ ಸಮಾಧಾನ ಆಗಲಿ ಅಂತ ಸುಳ್ಳು ಹೇಳಬ್ಯಾಡ್ರಿ" ಎಂದು ಆಕೆ ಇನ್ನೂ ಜೋರಾಗಿ ಅತ್ತಳು. ಬಸ್ಸಿನವರೆಲ್ಲ ವಿಚಾರಿಸಿದರು. ವಿಷಯ ತಿಳಿದ ಮೇಲೆ ಒಬ್ಬರು ಮೆಂತ್ಯ ಎಂದರು, ಒಬ್ಬರು ಹಾಗಲಕಾಯಿ ಎಂದರು. ಕಂಡಕ್ಟರ್ ಬೇವಿನ ಸೊಪ್ಪು ಎಂದ. ಡ್ರೈವರ್ ಬೇವಿನ ಮರದ ಕೆಳಗೆ ಬಸ್ಸು ನಿಲ್ಲಿಸಿಯೇಬಿಟ್ಟ.

ಕಚೇರಿಯಲ್ಲಿ ಕೆಲವು ದಿನ ಅವರಿಗೆ ಸ್ವರ್ಗ. ಸಾಹೇಬರು ಕರೆದು ಕುರ್ಚಿ ಕೊಟ್ಟು ಕೂರಿಸಿಕೊಂಡರು. ಅವರ ಚಹಾ ಕೂಡ ಬೇರೆ ಲೋಟದಲ್ಲಿ ಬಂತು. ಆದರೆ ಅದರಲ್ಲಿ ಸಕ್ಕರೆ ಇರಲಿಲ್ಲ. ಹೋಟೆಲಿನಲ್ಲಿಯೂ ಇರಲಿಲ್ಲ. ಮನೆಯಲ್ಲಿ ದಾಕ್ಷಾಯಣಮ್ಮ ಬೆಲ್ಲದ ಡಬ್ಬಿಗೆ ಬೀಗ ಹಾಕಿದಳು. ಪಾರ್ವತಿನಗರದಿಂದ ಬಂದ ನೆಂಟರು ಹಣ್ಣಿನ ಬದಲು ಒಂದು ಚೀಲ ಹಾಗಲಕಾಯಿ ಇಟ್ಟುಹೋದರು. ಅದನ್ನು ತಿಂದು ತೇಗು ಇಮ್ಮಡಿಯಾಯಿತು. ತೇಗು ಹೆಚ್ಚಿದ್ದು ಸಕ್ಕರೆಯ ಲಕ್ಷಣ ಎಂದು ಎಲ್ಲರೂ ತೀರ್ಮಾನಿಸಿದರು. ಕಡೆಗೆ ದೊಡ್ಡಬಸಪ್ಪ ಕಾರು ತಂದು, ಹಾಸಿಗೆ ಸುರುಳಿಯ ಸಮೇತ ಅವರನ್ನು ಹತ್ತಿಸಿಕೊಂಡು ಕುರುಗೋಡಿಗೆ ಹೊರಟ.

ಕುರುಗೋಡಿನ ಗುಡ್ಡದ ಬುಡದಲ್ಲಿ ಅಯ್ಯಣ್ಣ ಪಂಡಿತರ ವಸತಿ ಚಿಕಿತ್ಸಾ ಮಂದಿರವಿತ್ತು. ಕಲ್ಲುಚಪ್ಪಡಿಯ ಸಾಲು ಕೋಣೆಗಳು, ಅಂಗಳದ ತುಂಬ ಒಣಹಾಕಿದ ಬೇರುಗಳು. ಪಂಡಿತರು ಆರಡಿ ಎತ್ತರದ ಆಳು. ಮರಿಬಸಪ್ಪನವರ ಕೈ ಹಿಡಿದು ಕಣ್ಣು ಮುಚ್ಚಿ ನಾಡಿ ನೋಡಿದರು.

"ಎರಡು ರೋಗ ಅದಾವು" ಎಂದರು. "ಒಂದು ಆಮ್ಲಪಿತ್ತ. ಅದು ತೇಗಿನಾಗ ಕೇಳಿಸ್ತೈತಿ. ಇನ್ನೊಂದು ಮಧುಮೇಹ. ಅದನ್ನ ನಿಮ್ಮ ಭಾವಮೈದುನ ಹೇಳ್ಯಾರ."

ದೊಡ್ಡಬಸಪ್ಪನ ಕಾರು ಮರೆಯಾಗುವುದನ್ನೇ ಕಾದಿದ್ದು ಮರಿಬಸಪ್ಪನವರು, "ಪಂಡಿತರ, ನನಗ ಸಕ್ಕರಿ ಇಲ್ರಿ" ಎಂದರು.

"ಮೊದಲನೇ ವಾರ ಎಲ್ಲಾರೂ ಹಂಗ ಅಂತಾರ."

"ಎರಡನೇ ವಾರ?"

"ಎರಡನೇ ವಾರ ಮಾತಾಡಾಕ ಶಕ್ತಿ ಇರಂಗಿಲ್ಲ."

ಪಂಡಿತರು ಸುಳ್ಳು ಹೇಳುವವರಲ್ಲ. ಮರುದಿನ ಬೆಳಿಗ್ಗೆ ಜ್ಯೇಷ್ಠಮಧುವಿನ ಕಷಾಯವನ್ನು ಚೊಂಬುಗಟ್ಟಲೆ ಕುಡಿಸಿ ವಾಂತಿ ಮಾಡಿಸಿದರು. ಕೆಲವು ದಿನ ಬಿಟ್ಟು ಭೇದಿಯ ಸರದಿ ಬಂತು. ನಡುವಿನ ದಿನಗಳಲ್ಲಿ ನೆಲ್ಲಿಕಾಯಿ ರಸ, ಹಾಗಲ ರಸ, ನವಣೆ ಅನ್ನ, ಕಡೆದ ಮಜ್ಜಿಗೆ, ಮತ್ತು ಗುಡ್ಡ ಸುತ್ತುವ ಕೆಲಸ. ಎಣ್ಣೆಯ ವಾಸನೆಯೂ ಇಲ್ಲ, ಖಾರದ ಹೆಸರೂ ಇಲ್ಲ. ಒಂದು ಮಧ್ಯಾಹ್ನ ಮರಿಬಸಪ್ಪನವರು ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದರು. "ಒಂದು ಪ್ಲೇಟ್ ಮಿರ್ಚಿ ಬಜ್ಜಿ" ಎಂದು ಕೂತರು.

ಹೋಟೆಲಿನವನು ಅವರನ್ನು ಅಡಿಯಿಂದ ಮುಡಿಯತನಕ ನೋಡಿದ. "ಪಂಡಿತರ ಪೇಷಂಟ್ ಅಲ್ಲೇನ್ರಿ ನೀವು? ಬಾಯಿಗೆ ಹಾಗಲಕಾಯಿ ರಸ ಮೆತ್ತೇತಿ."

"ಹೌದು. ಏನೀಗ? ದುಡ್ಡು ಕೊಡ್ತೀನಿ, ಮಿರ್ಚಿ ಕೊಡು."

"ನನ್ನ ಅಪ್ಪನ ಹೊಟ್ಟಿಹುಣ್ಣು ವಾಸಿ ಮಾಡಿದವರು ಅವರು. ಮಿರ್ಚಿ ಕೊಟ್ರ ಮನಿ ಹೊಕ್ಕಾಕ ಬಿಡಂಗಿಲ್ಲ ನನ್ನ ಹೆಂಡ್ತಿ. ನಡೀರಿ, ನಾನೇ ಬಿಟ್ಟುಬರ್ತೀನಿ" ಎಂದು ಅವನು ಕೈ ಹಿಡಿದು ತಂದು ಪಂಡಿತರಿಗೆ ಒಪ್ಪಿಸಿದ.

ಹೀಗೆ ದಿನಗಳು ಉರುಳಿ, ಒಂದು ಬೆಳಿಗ್ಗೆ ಮರಿಬಸಪ್ಪನವರು ಎದ್ದು ಎಂದಿನಂತೆ ತೇಗಲು ನೋಡಿದರು. ಬರಲಿಲ್ಲ. ಎದೆ ತಟ್ಟಿಕೊಂಡರು. ಉರಿಯೂ ಇಲ್ಲ. ಮನೆಯಲ್ಲಿದ್ದ ಹಿರಿಯರು ಹೇಳದೆ ಊರಿಗೆ ಹೋದಂತೆ ಅವರಿಗೆ ಕೊಂಚ ಬಿಕೋ ಎನ್ನಿಸಿತು. ಓಡಿಹೋಗಿ ಪಂಡಿತರಿಗೆ ಹೇಳಿದರು. ಪಂಡಿತರಿಗೆ ತೇಗಿನಲ್ಲಿ ಆಸಕ್ತಿ ಇರಲಿಲ್ಲ.

"ಅದು ಹೋಗೇ ಹೋಗ್ತಿತ್ತು ಬಿಡ್ರಿ. ಇವತ್ತು ಇರುವಿ ಪರೀಕ್ಷಾ ಮಾಡಬೇಕು" ಎಂದರು.

ಇರುವೆ ಪರೀಕ್ಷೆಯೆಂದರೆ, ಹಿತ್ತಲಿನಲ್ಲಿ ಇರುವೆಗೂಡಿನ ಪಕ್ಕ ರೋಗಿಗಳ ಮೂತ್ರವನ್ನು ಒಂದೊಂದು ಮಣ್ಣಿನ ಕುಡಿಕೆಯಲ್ಲಿಡುವುದು. ಸಕ್ಕರೆ ಇದ್ದರೆ ಇರುವೆ ಮುತ್ತುತ್ತವೆ. ಪಂಡಿತರು ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಇರುವೆಗಳು ಸಾಲಾಗಿ ಬಂದವು. ಮರಿಬಸಪ್ಪನವರ ಕುಡಿಕೆಯ ಹತ್ತಿರ ಬಂದು, ಅದನ್ನು ಬಳಸಿಕೊಂಡು, ಪಕ್ಕದವರ ಕುಡಿಕೆಗೆ ಹೋದವು. ಒಂದೇ ಒಂದು ಇರುವೆಯೂ ತಿರುಗಿ ನೋಡಲಿಲ್ಲ.

ಪಂಡಿತರ ಕಣ್ಣಲ್ಲಿ ನೀರು ಬಂತು. "ನಮ್ಮ ಅಪ್ಪಾರ ಕೈಲೆ ಆಗಿದ್ದಿಲ್ಲ. ನಮ್ಮ ಅಜ್ಜಾರ ಕೈಲೂ ಆಗಿದ್ದಿಲ್ಲ. ಸಕ್ಕರಿ ಬೇರುಸಮೇತ ಹೋಗೇತಿ!"

"ಅದು ಇದ್ದೇ ಇರಲಿಲ್ರಿ" ಎಂದರು ಮರಿಬಸಪ್ಪನವರು.

"ಇಲ್ಲದ ರೋಗ ಹೆಂಗ ವಾಸಿ ಆಗ್ತೈತಿ? ಹುಚ್ಚರಂಗ ಮಾತಾಡಬ್ಯಾಡ್ರಿ."

ಸುದ್ದಿ ಸಿರುಗುಪ್ಪಕ್ಕೆ ಹೋಯಿತು. ದೊಡ್ಡಬಸಪ್ಪ ಹಾರ ತಂದು ಮಾವನ ಕೊರಳಿಗೆ ಹಾಕಿ, ಕಾರಿನ ಹಾರನ್ ಒತ್ತಿಕೊಂಡು ಗಾಂಧಿನಗರಕ್ಕೆ ತಂದು ಇಳಿಸಿದ. ಓಣಿಯಲ್ಲಿ ಜನ ಕಿಕ್ಕಿರಿದರು. ಮರಿಬಸಪ್ಪನವರು ಜಗಲಿಯ ಮೇಲೆ ನಿಂತು, "ನನಗ ಸಕ್ಕರಿ ರೋಗ ಇರಲಿಲ್ಲ" ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಎಷ್ಟು ಪೂರಾ ವಾಸಿಯಾಗಿದೆಯೆಂದರೆ ಇದ್ದದ್ದೇ ಮರೆತುಹೋಗಿದೆ ಎಂದು ಒಬ್ಬ ಹಿರಿಯರು ವ್ಯಾಖ್ಯಾನ ಮಾಡಿದರು.

ಇಷ್ಟರಲ್ಲೇ ಮುಗಿದಿದ್ದರೆ ಮರಿಬಸಪ್ಪನವರು ಬೆಲ್ಲದ ಡಬ್ಬಿಯ ಬೀಗ ತೆಗೆಸಿ ಸುಖವಾಗಿ ಇರುತ್ತಿದ್ದರು. ಆದರೆ ಮರುದಿನ ಬೆಳಿಗ್ಗೆ ಕಾಂಪೌಂಡರ್ ಎರ್ರೆಪ್ಪ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದ. ಅವನ ಮನೆಮಾತು ತೆಲುಗು. ಗಾಬರಿಯಾದಾಗ ಕನ್ನಡದ ನಡುವೆ ಅದೇ ಹೊರಗೆ ಬರುತ್ತಿತ್ತು.

"ಅಯ್ಯೋ ರಾಮಾ, ಮರಿಬಸಪ್ಪಾರ! ಅಕ್ಕಾರು ಸೂಜಿ ಒಲ್ಲೆ ಅಂತಾರ! ಡಬ್ಬಿ ತಗೊಂಡು ಅಟ್ಟದ ಮ್ಯಾಲೆ ಒಗದಾರ! ಏಮಿ ಚೇಯಾಲಿ, ಏನ್ ಮಾಡ್ಲಿ?"

ಮರಿಬಸಪ್ಪನವರು ಸತ್ಯನಾರಾಯಣಪೇಟೆಗೆ ಓಡಿದರು. ಗುರುಬಸಮ್ಮ ಟ್ರಂಕಿಗೆ ಸೀರೆ ತುಂಬುತ್ತಿದ್ದಳು.

"ಕುರುಗೋಡಿಗೆ ಹೊಂಟೀನಿ. ನಿನಗ ವಾಸಿ ಆದಮ್ಯಾಲೆ ನನಗ ಯಾಕ ಆಗಂಗಿಲ್ಲ? ಒಂದೇ ಹೊಟ್ಟಿಯಾಗ ಹುಟ್ಟೀವಿ."

"ಅಕ್ಕಾ, ನನಗ ರೋಗ ಇದ್ದಿಲ್ಲ. ಲಗ್ನದಾಗ ಸುಳ್ಳು ಹೇಳಿದೆ."

"ಯಾಕ ಸುಳ್ಳು ಹೇಳಿದಿ?"

"ದೊಡ್ಡವರ ಸಾಲಿನಾಗ ಕುಂತಿದ್ದೆ. ಮರ್ಯಾದಿ ಸಿಗ್ತೈತಿ ಅಂತ ಹೇಳಿದೆ."

ಗುರುಬಸಮ್ಮ ಸೀರೆ ಮಡಚುವುದನ್ನು ನಿಲ್ಲಿಸಿ ತಮ್ಮನನ್ನು ದಿಟ್ಟಿಸಿದಳು. "ಮರ್ಯಾದಿಗೋಸ್ಕರ ಹೋಳಿಗಿ ಬಿಡೋ ವಂಶ ಅಲ್ಲಲೇ ನಮ್ಮದು. ನೀನೊಬ್ಬನೇ ವಾಸಿ ಆಗಬೇಕು, ಅಕ್ಕ ದಿನಾ ಚುಚ್ಚಿಸ್ಕೋತ ಇರಬೇಕು. ಅಷ್ಟೇ ತಾನೇ ನಿನ್ನ ಬುದ್ಧಿ?"

ಮಾತಿನಿಂದ ಆಗದು ಎಂದು ಮರಿಬಸಪ್ಪನವರು ವಿಜ್ಞಾನದ ಮೊರೆಹೊಕ್ಕರು. ಎರ್ರೆಪ್ಪನ ಹತ್ತಿರ ಸ್ಪಿರಿಟ್ ದೀಪವೂ ಗಾಜಿನ ನಳಿಗೆಯೂ ನೀಲಿ ದ್ರವವೂ ಇದ್ದವು. ಆ ದ್ರವಕ್ಕೆ ಮೂತ್ರದ ಹನಿ ಹಾಕಿ ಕಾಯಿಸಿದರೆ, ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ವಿಪರೀತ ಇದ್ದರೆ ಇಟ್ಟಿಗೆಯ ಕೆಂಪಾಗುತ್ತದೆ. ಅಕ್ಕನ ಜಗಲಿಯ ಮೇಲೆ, ಓಣಿಯ ಸಮಸ್ತರ ಎದುರು, ಮರಿಬಸಪ್ಪನವರ ಪರೀಕ್ಷೆ ನಡೆಯಿತು. ಎರ್ರೆಪ್ಪ ನಳಿಗೆಯನ್ನು ಮೇಲೆತ್ತಿದ.

"ಅಬ್ಬೋ! ಏಮಿ ನೀಲಿ! ಆಕಾಶದಂಗ ಐತಿ!"

"ನೋಡ್ರಿ!" ಎಂದು ಮರಿಬಸಪ್ಪನವರು ಗರ್ಜಿಸಿದರು. "ಸಕ್ಕರಿ ಇಲ್ಲ!"

"ಇಲ್ಲ!" ಎಂದು ಓಣಿಯೂ ಗರ್ಜಿಸಿತು. "ಪೂರಾ ವಾಸಿ ಆಗೇತಿ! ಕಾಂಪೌಂಡರೂ ಒಪ್ಪಿದ!" ಜಡೆಮ್ಮನೆಂಬ ಎದುರುಮನೆಯ ಮುದುಕಿ ಮರಿಬಸಪ್ಪನವರ ದೃಷ್ಟಿ ತೆಗೆದಳು. ಗುರುಬಸಮ್ಮ ಟ್ರಂಕು ಎತ್ತಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟೇಬಿಟ್ಟಳು.

ಅಷ್ಟಕ್ಕೂ ನಿಲ್ಲಲಿಲ್ಲ. ಕೆಲವು ದಿನಗಳಲ್ಲಿ ದೊಡ್ಡಬಸಪ್ಪ ಬಳ್ಳಾರಿಗೆ ಬಂದವನು ಮೀಸೆ ತಿರುವುತ್ತ ಹೇಳಿದ: "ಮಾವಾರ, ನಿಮ್ಮ ಹೆಸರು ಹೇಳಿ ನಮ್ಮ ಸಿರುಗುಪ್ಪದ ಶುಗರ್‌ನೋರೆಲ್ಲ ಕುರುಗೋಡಿಗೆ ಹೊಂಟಾರ. ಗುಳಿಗಿ ಎಲ್ಲಾ ತಗೊಂಡು ಹೊಳಿಯಾಗ ಚೆಲ್ಲಿಬಿಟ್ರು!"

ಮರಿಬಸಪ್ಪನವರು ಚಹಾ ಲೋಟ ಕೆಳಗಿಟ್ಟರು. ಮಾರನೆಯ ಬೆಳಿಗ್ಗೆ ಅವರು ಕಚೇರಿಗೆ ಹೋಗಲಿಲ್ಲ. ಸಾಹೇಬರಿಗೆ ಹೇಳಿಕಳಿಸಲೂ ಇಲ್ಲ. ಅಕ್ಕನ ಮನೆಯ ಅಟ್ಟ ಹತ್ತಿ ಸೂಜಿ ಡಬ್ಬಿ ಹುಡುಕಿ ತೆಗೆದು, ಎರ್ರೆಪ್ಪನನ್ನು ಅವನ ನಳಿಗೆ, ದೀಪ, ಔಷಧದ ಶೀಷೆಗಳ ಸಮೇತ ಎಳೆದುಕೊಂಡು ಕುರುಗೋಡಿನ ಬಸ್ಸು ಹತ್ತಿದರು.

ಗುರುಬಸಮ್ಮ ಕೋಣೆಯ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ನೀರಿನ ಕೊಡ. ಚೊಂಬಿನ ಮೇಲೆ ಚೊಂಬು ಕುಡಿಯುತ್ತಿದ್ದಳು. ತುಟಿ ಒಡೆದಿದ್ದವು, ಕಣ್ಣು ಒಳಗೆ ಸೇರಿದ್ದವು, ಬಂಗಾರದ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

"ಹೆಂಗ ತೆಳ್ಳಗಾಗೀನಿ ನೋಡು" ಎಂದಳು ಹೆಮ್ಮೆಯಿಂದ. ಧ್ವನಿ ಸರಿಯಾಗಿ ಹೊರಡಲಿಲ್ಲ.

ಎರ್ರೆಪ್ಪ ದೀಪ ಹಚ್ಚಿ ನಳಿಗೆ ಕಾಯಿಸಿದ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತಿದ್ದಂತೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಎರ್ರೆಪ್ಪ ದೀಪ ಆರಿಸಿದ. ಆಮೇಲೆ ಮರಿಬಸಪ್ಪನವರನ್ನು ಬದಿಗೆ ಕರೆದು, "ಹಿಂಗ ಬಿಟ್ರ ಅಕ್ಕಾರು ಮಲಗಿದವರು ಏಳಂಗಿಲ್ರಿ" ಎಂದ.

ಅಷ್ಟರಲ್ಲಿ ಪಂಡಿತರು ಬಂದರು. "ಏನಿದು? ನನ್ನ ಮಂದಿರದಾಗ ದೀಪ, ಸೂಜಿ?"

"ನೀವು ನಮ್ಮಕ್ಕನ ಸೂಜಿ ಬಿಡಿಸೀರಿ!" ಎಂದು ಮರಿಬಸಪ್ಪನವರು ಅವರ ಎದೆಗೆ ತಲೆ ಹಾಯುವಂತೆ ನಿಂತರು. ಅವರ ತಲೆ ಪಂಡಿತರ ಎದೆಗಷ್ಟೇ ಮುಟ್ಟುತ್ತಿತ್ತು.

"ಸೂಜಿ?" ಪಂಡಿತರ ಮುಖ ಬಿಳುಪೇರಿತು. "ಸೂಜಿ ಹಾಕಿಸ್ಕೋತಿದ್ರಾ? ನಾನು ಕೇಳಿದಾಗ ಯಾವ ಔಷಧಾನೂ ಇಲ್ಲ ಅಂದ್ರಲ್ಲ!" ಅವರು ಗುರುಬಸಮ್ಮನ ಮುಂದೆ ಕೂತು ಕೈಮುಗಿದರು. "ತಾಯೀ, ನನ್ನ ಕಷಾಯ ಬೇಕಾದ್ರ ಕುಡೀರಿ, ಬ್ಯಾಡಾದ್ರ ಬಿಡ್ರಿ. ಸೂಜಿ ಬಿಡಬ್ಯಾಡ್ರಿ."

"ನೀವು ಸುಮ್ನಿರ್ರಿ" ಎಂದಳು ಗುರುಬಸಮ್ಮ. "ನಿಮ್ಮ ಔಷಧದ ಮ್ಯಾಲೆ ನಿಮಗೇ ನಂಬಿಕಿ ಇಲ್ಲೇನು?"

ಗಲಾಟೆ ಕೇಳಿ ಸಾಲು ಕೋಣೆಗಳಿಂದ ಸಿರುಗುಪ್ಪದ ಗಿರಣಿಯವರು, ಭತ್ತದವರು, ಕಂಟ್ರಾಕ್ಟರುಗಳು ಒಬ್ಬೊಬ್ಬರಾಗಿ ಹೊರಬಂದು ಸುತ್ತ ನಿಂತರು. ಎಲ್ಲರ ತುಟಿಯ ಮೇಲೂ ಹಾಗಲ ರಸದ ಹಸಿರು.

"ಅಕ್ಕಾ, ನಿನ್ನ ಕಾಲು ಹಿಡ್ಕೋತೀನಿ. ಚುಚ್ಚಿಸ್ಕೋ."

"ನೀನು ಚುಚ್ಚಿಸ್ಕೊಂಡಿಯೇನು? ಸೂಜಿ ಇಲ್ಲದ ವಾಸಿ ಆಗಿ ಹಾರ ಹಾಕಿಸ್ಕೊಂಡಿ. ನಾನ್ಯಾಕ ಚುಚ್ಚಿಸ್ಕೋಬೇಕು? ನಿನಗ ಚುಚ್ಚಿದ ದಿನ ನನಗೂ ಚುಚ್ಚಲಿ."

ಮರಿಬಸಪ್ಪನವರು ಸುತ್ತ ನೋಡಿದರು. ಅಷ್ಟು ದಿನ ನಿಜ ಹೇಳಿ ಹೇಳಿ ಅವರ ಗಂಟಲು ಒಣಗಿತ್ತು. ಒಬ್ಬರೂ ನಂಬಿರಲಿಲ್ಲ. ಅವರು ಅಂಗಳದ ಕಲ್ಲುಕಟ್ಟೆಯ ಮೇಲೆ ಹತ್ತಿ ನಿಂತರು.

"ಕೇಳ್ರಿ ಎಲ್ಲಾರೂ! ನನ್ನ ಸಕ್ಕರಿ ತಿರುಗಿ ಬಂದೈತಿ!"

ಗುಂಪು ಕಟ್ಟೆಯ ಹತ್ತಿರಕ್ಕೆ ಸರಿಯಿತು.

"ಮೊದಲಿಗಿಂತ ಜಾಸ್ತಿ ಬಂದೈತಿ! ಇರುವಿ ಮನಿತನಕ ಬೆನ್ನಹತ್ತಿ ಬರ್ತಾವು!"

ನಿಜಕ್ಕೆ ಕಿವುಡಾಗಿದ್ದ ಜನ ಈ ಸುಳ್ಳನ್ನು ಒಂದೇ ಗುಟುಕಿಗೆ ನಂಬಿದರು. "ನಾನು ಅವತ್ತೇ ಅಂದಿದ್ದೆ" ಎಂದ ಒಬ್ಬ ಕಂಟ್ರಾಕ್ಟರ್. ಅವನು ಏನೂ ಅಂದಿರಲಿಲ್ಲ. ಪಂಡಿತರು ಗೋಡೆ ಹಿಡಿದುಕೊಂಡು, "ಏನು ತಿಂದ್ರಿ?" ಎಂದು ಕ್ಷೀಣವಾಗಿ ಕೇಳಿದರು.

"ಜಿಲೇಬಿ! ಪರಾತಗಟ್ಟಲೆ ತಿಂದೆ! ಎರ್ರೆಪ್ಪಾ, ಸೂಜಿ ತಗಿ. ಮೊದಲು ನನಗ ಹಾಕು."

ಎರ್ರೆಪ್ಪ ಹತ್ತಿರ ಬಂದು ಪಿಸುಗುಟ್ಟಿದ. "ನಿಮಗ ಏನ್ ಹಾಕ್ಲಿ?"

"ಕಾಸಿದ ನೀರು ಹಾಕಲೇ" ಎಂದು ಮರಿಬಸಪ್ಪನವರೂ ಪಿಸುಗುಟ್ಟಿದರು. ಆ ಕಾಲದ ಸೂಜಿ ಈಗಿನ ಹಾಗೆ ಕೂದಲೆಳೆಯಲ್ಲ. ಗೋಣಿಚೀಲ ಹೊಲಿಯುವುದಕ್ಕೂ ಆಗುತ್ತಿತ್ತು. ಮರಿಬಸಪ್ಪನವರು ಶಾಲೆಯಲ್ಲಿದ್ದಾಗ ಸಿಡುಬಿನ ಡಾಕ್ಟರನ್ನು ಕಂಡು ಕಾಂಪೌಂಡು ಹಾರಿ ಓಡಿದವರು. ಈಗ ಅಂಗಿ ತೋಳು ಮಡಚಿ, ಕಣ್ಣು ಮುಚ್ಚಿ, ಕೈ ಚಾಚಿದರು. ಸೂಜಿ ಇಳಿದಾಗ ಅವರು ಕೂಗಿದ ಕೂಗಿಗೆ ಗುಡ್ಡದ ಕೋತಿಗಳು ಮೇಲಕ್ಕೆ ಓಡಿದವು.

ಗುರುಬಸಮ್ಮ ಒಡೆದ ತುಟಿಯಲ್ಲೇ ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ತನ್ನ ಕೈ ಚಾಚಿದಳು.

ಆ ಸಂಜೆಯೊಳಗೆ ಸಿರುಗುಪ್ಪದವರು ಹಾಸಿಗೆ ಸುತ್ತಿಕೊಂಡು ಗುಳಿಗೆಯ ಡಾಕ್ಟರರನ್ನು ಹುಡುಕಿಕೊಂಡು ಹೊರಟರು. ಮರಿಬಸಪ್ಪನವರು ಅಕ್ಕನನ್ನು ಬಳ್ಳಾರಿಗೆ ಕರೆತಂದು ದೊಡ್ಡಾಸ್ಪತ್ರೆಗೆ ಸೇರಿಸಿದರು. ಅಲ್ಲಿಯ ಡಾಕ್ಟರು ಸರಿಯಾದ ಹೊತ್ತಿಗೆ ತಂದಿರಿ ಎಂದರು. ಆಕೆ ಚೇತರಿಸಿಕೊಂಡು ಮನೆಗೆ ಬಂದ ದಿನವೇ ದೊಡ್ಡಬಸಪ್ಪ ಕೆಂಡವಾಗಿ ಬಂದ.

"ಮಾವಾರ, ನನ್ನ ಮಾನ ಕಳದ್ರಿ! ಸಿರುಗುಪ್ಪದಾಗ ಮುಖ ಎತ್ತಿ ತಿರುಗಾಡಂಗಿಲ್ಲ. ವಾಸಿ ಆಗಿದ್ದು ತಿರುಗಿ ಹೆಂಗ ಬಂತು? ಒಂದೆರಡು ದಿನ ನಾಲಿಗಿ ಹಿಡ್ಕೊಳ್ಳಾಕ ಆಗಲಿಲ್ಲೇನು?"

"ಆಗಲಿಲ್ಲ" ಎಂದರು ಮರಿಬಸಪ್ಪನವರು. ಜೀವನದಲ್ಲಿ ಮೊದಲ ಸಲ ಶ್ರೀಮಂತ ಭಾವಮೈದುನನ ಮುಂದೆ ಕಾಲ ಮೇಲೆ ಕಾಲು ಹಾಕಿದ್ದರು. "ಜಿಲೇಬಿ ತಿಂದೆ, ಇನ್ನೂ ತಿಂತೀನಿ. ನಿನ್ನ ಮಾನ ಇನ್ನೂ ಎಲ್ಲಾರ ಉಳಿದಿದ್ರ ಹೇಳು, ಅದನ್ನೂ ಕಳೀತೀನಿ."

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಸತ್ಯನಾರಾಯಣಪೇಟೆಯ ಆ ಜಗಲಿಯ ಮೇಲೆ ಅಕ್ಕ ತಮ್ಮ ಜೋಡಿಯಾಗಿ ಕೂರುತ್ತಿದ್ದರು. ತಮ್ಮ ಚುಚ್ಚಿಸಿಕೊಳ್ಳದೆ ಅಕ್ಕ ಕೈ ಚಾಚುತ್ತಿರಲಿಲ್ಲ. ಎರ್ರೆಪ್ಪ ಮೊದಲು ನೀರು, ಆಮೇಲೆ ಇನ್ಸುಲಿನ್ ಹಾಕುತ್ತಿದ್ದ. ಓಣಿಯವರು ನೋಡಿ ಮರುಗುತ್ತಿದ್ದರು. ಜಡೆಮ್ಮ, "ಪಾಪ, ನಾಲಿಗಿ ಚಪಲದಿಂದ ಬಂಗಾರದಂಥಾ ಆರೋಗ್ಯ ಕಳಕೊಂಡ" ಎಂದು ಹಾದಿಹೋಕರಿಗೂ ವಿವರಿಸುತ್ತಿದ್ದಳು. "ಹೌದು, ಕಳಕೊಂಡೆ!" ಎಂದು ಮರಿಬಸಪ್ಪನವರು ಜಗಲಿಯ ಮೇಲಿಂದಲೇ ಕೂಗುತ್ತಿದ್ದರು. ಕಚೇರಿಯಲ್ಲಿ ಸಾಹೇಬರು ಬುದ್ಧಿ ಹೇಳಿದರೆ, ಅವರಿಗೂ ಅದೇ ಉತ್ತರ. ಮರ್ಯಾದೆಯ ಕುರ್ಚಿ ಹೋಯಿತು. ಅವರು ನಿಂತುಕೊಂಡೇ ಫೈಲು ಕೊಟ್ಟು ಬಂದರು, ತಲೆ ಮಾತ್ರ ಬಗ್ಗಿಸಲಿಲ್ಲ.

ಒಂದು ದಿನ ಅಯ್ಯಣ್ಣ ಪಂಡಿತರೇ ಗಾಂಧಿನಗರಕ್ಕೆ ಬಂದರು. ಸೊರಗಿದ್ದರು. "ಬೈಯಾಕ ಬಂದಿಲ್ಲ. ನನ್ನ ಔಷಧ ಯಾಕ ಸೋತಿತು, ಅದೊಂದು ಹೇಳಿಬಿಡ್ರಿ. ನಿದ್ದಿ ಬರವಲ್ಲದು" ಎಂದರು.

ಮರಿಬಸಪ್ಪನವರಿಗೆ ಕನಿಕರವಾಯಿತು. ಬಾಗಿಲು ಮುಂದಕ್ಕೆ ಮಾಡಿ, ಹೋಳಿಗೆಯಿಂದ ಹಿಡಿದು ಕಾಸಿದ ನೀರಿನತನಕ ಎಲ್ಲವನ್ನೂ ಹೇಳಿದರು. ನಿಧಾನವಾಗಿ ಪಂಡಿತರ ಬೆನ್ನು ನೆಟ್ಟಗಾಯಿತು.

"ಅಂದ್ರ ರೋಗಾನೇ ಇದ್ದಿಲ್ಲ. ಹಂಗಾದ್ರ ನನ್ನ ಔಷಧ ಸೋತಿಲ್ಲ!"

"ಗೆದ್ದೂ ಇಲ್ರಿ."

"ಅದು ಬ್ಯಾರೆ ಮಾತು. ತೇಗು ಹೆಂಗೈತಿ?"

"ಒಂದೂ ಇಲ್ಲ. ಎದಿ ತಣ್ಣಗೈತಿ."

"ಅದನ್ನ ನಾಕ್ ಮಂದಿಗೆ ಹೇಳ್ರಿ ಮತ್ತ!"

"ಹೇಳ್ತೀನ್ರಿ. ತೇಗು ನಿಂತ ಸುದ್ದಿ ಯಾರು ಕೇಳ್ತಾರ?"

ಪಂಡಿತರು ನಿಟ್ಟುಸಿರು ಬಿಟ್ಟು ಎದ್ದರು. ಊರಿಗೆ ಹೋದವರು ಅಂದಿನಿಂದ ಹೊಸ ರೋಗಿ ಬಂದರೆ ನಾಡಿ ಹಿಡಿಯುವ ಮೊದಲು, "ಸೂಜಿ ಹಾಕಿಸ್ಕೋತೀರೇನು? ನಿಜ ಹೇಳ್ರಿ" ಎಂದು ಕೇಳತೊಡಗಿದರಂತೆ.

ಗುರುಬಸಮ್ಮನ ಮೈ ತುಂಬಿಕೊಂಡಿತು. ಬಳೆಗಳು ಮಣಿಕಟ್ಟಿನಲ್ಲಿ ನಿಂತವು. ಒಂದು ಬೆಳಿಗ್ಗೆ ಎರ್ರೆಪ್ಪ ಸೂಜಿ ಕುದಿಸುತ್ತಿದ್ದಾಗ ಆಕೆ ತಮ್ಮನ ಕಡೆಗೆ ಬಾಗಿದಳು.

"ಲೇ ಮರಿಬಸ್ಯಾ, ನಿನ್ನ ಸೂಜಿಯಾಗ ಬರೇ ನೀರೈತಿ ಅಂತ ನನಗ ಕುರುಗೋಡಿನಾಗೇ ಗೊತ್ತಾಗಿತ್ತು."

ಮರಿಬಸಪ್ಪನವರು ಬೆಚ್ಚಿದರು. "ಏನು? ಹೆಂಗ?"

"ಎರ್ರೆಪ್ಪ ಪಿಸುಗುಟ್ಟಿದ್ರ ಸಿರುಗುಪ್ಪಕ್ಕ ಕೇಳಿಸ್ತೈತಿ."

"ಮತ್ತ ಇಷ್ಟು ದಿನ ನನಗ ಯಾಕ ಚುಚ್ಚಿಸಿದಿ?"

ಗುರುಬಸಮ್ಮ ಬೀದಿಯ ಕಡೆ ಕೈ ತೋರಿದಳು. "ನನಗ ಚುಚ್ಚೋವಾಗ ಓಣಿ ಮಂದಿ ಬಂದು ಹೆಂಗದೀರಿ ಅಂತ ಕೇಳಿ ಹೋಗ್ತಿದ್ರು. ಜೋಡಿಗೆ ಯಾರೂ ಕುಂತಿದ್ದಿಲ್ಲ. ನೀನು ಕುಂತಿ." ಆಮೇಲೆ, "ಮತ್ತ ನೀನು ಒದರೋದು ಕೇಳಾಕ ಭಾಳ ಛಲೋ ಅನಿಸ್ತೈತಿ" ಎಂದಳು.

ಮರಿಬಸಪ್ಪನವರು ದಡಬಡಿಸಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಾಳೆಯಿಂದ ಬರಂಗಿಲ್ಲ! ನನಗೇನು ಹುಚ್ಚು ಹಿಡಿದೈತೇನು?"

ಗುರುಬಸಮ್ಮ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡು ಕೈ ಮುಚ್ಚಿಕೊಂಡಳು. ಎರ್ರೆಪ್ಪ ಸೂಜಿ ಹಿಡಿದುಕೊಂಡು ಇಬ್ಬರನ್ನೂ ನೋಡುತ್ತ ನಿಂತ.

ಮರಿಬಸಪ್ಪನವರು ಮೆಟ್ಟಿಲವರೆಗೆ ಹೋದರು. ತಿರುಗಿ ಬಂದರು. ಚಪ್ಪಲಿ ಬಿಟ್ಟು, ಧಪ್ಪನೆ ಕೂತು, ಅಂಗಿಯ ತೋಳು ಮಡಚಿದರು.

"ಹಾಕಲೇ ಎರ್ರೆಪ್ಪಾ. ಆದ್ರ ಕೇಳಕ್ಕಾ, ಇವತ್ತಿನಿಂದ ನಾನು ಒದರಂಗಿಲ್ಲ. ಏನ್ ಮಾಡ್ಕೋತಿ ಮಾಡ್ಕೋ."

ಸೂಜಿ ಇಳಿಯಿತು. ಸತ್ಯನಾರಾಯಣಪೇಟೆಯ ಕಾಗೆಗಳೆಲ್ಲ ಒಮ್ಮೆಗೇ ಹಾರಿದವು.